ಗೋಡೆ ದಾಟುವ ಊಟ

ನಮ್ಮ ಓಣಿಗೆ ಬಾಡಿಗೆಗೆ ಬರುವವರು ನಳಕ್ಕೆ ನೀರು ಬರುತ್ತದೆಯೇ, ಮಾಳಿಗೆ ಸೋರುತ್ತದೆಯೇ ಎಂದೆಲ್ಲ ಕೇಳುವುದಿಲ್ಲ. ಮೂಡಲ ಮಗ್ಗುಲಿಗೆ ಯಾರಿದ್ದಾರೆ, ಅವರದು ಯಾವ ದೇವರು, ವಾರಕ್ಕೆ ಎಷ್ಟು ಹೊತ್ತು ಊಟ ಬಿಡುತ್ತಾರೆ ಎಂದು ಕೇಳುತ್ತಾರೆ. ಇಲ್ಲಿ ಒಬ್ಬರು ವ್ರತ ಹಿಡಿದು ಬಿಟ್ಟ ಊಟ ಗೋಡೆ ದಾಟಿ ಪಡುವಲ ಮನೆಯವರ ಹೊಟ್ಟೆಗೆ ಹೋಗುತ್ತದೆ. ಹೊತ್ತು ಹೋಗುವ ದಿಕ್ಕಿಗೇ ಅದೂ ಹೋಗುತ್ತದೆ, ಹಿಂದಕ್ಕೆ ಬಂದದ್ದನ್ನು ಯಾರೂ ಕಂಡಿಲ್ಲ. ಉಪವಾಸ ಕೂತವರು ಯಾವುದನ್ನು ನೆನೆದು ಬಾಯಲ್ಲಿ ನೀರು ನುಂಗುತ್ತಾರೋ ಅದೇ ಪದಾರ್ಥ, ಅದೇ ಖಾರ, ಅದೇ ಬಿಸಿ. ಬರೀ ಹಸಿದು ಕೂತರೆ ಆಗುವುದಿಲ್ಲ, ದೇವರ ಹೆಸರಿನಲ್ಲಿ ಬಿಟ್ಟಿರಬೇಕು. ಮನೆಯಲ್ಲಿ ಜೋಳವಿಲ್ಲದೆ ಹಸಿದವರ ಊಟ ಎಲ್ಲಿಗೂ ಹೋಗುವುದಿಲ್ಲ. ಅದೂ ಹೋಗುವಂತಿದ್ದರೆ ನಮ್ಮೂರಿನ ಅರ್ಧ ಜನ ಇಷ್ಟು ಹೊತ್ತಿಗೆ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ.

ಜನ ಇದಕ್ಕೆ ಹೊಂದಿಕೊಂಡೇ ಸಂಸಾರ ಮಾಡುತ್ತಾರೆ. ಬಸದಿಯ ಹಿಂದಿನ ಪದ್ಮಕ್ಕ ಪರ್ಯೂಷಣದಲ್ಲಿ ಬರೀ ಕಾಯಿಸಿದ ನೀರು ಕುಡಿದು ಕೂತರೆ ಅವಳ ಪಡುವಲ ಮನೆಯ ಸೊಸೆ ಒಲೆ ಸಾರಿಸಿಟ್ಟು ಮಧ್ಯಾಹ್ನವೆಲ್ಲ ನಿದ್ದೆ ಹೊಡೆಯುತ್ತಾಳೆ. ಬ್ಯಾಂಡ್ ಮಾಸ್ತರ ಪಾಸ್ಕೋಲ ತಪಸ್ಸುಕಾಲದ ಶುಕ್ರವಾರ ಮಾಂಸ ಬಿಟ್ಟರೆ ಅವನ ಪಡುವಲ ಮನೆಯ ಬಿಂದಾಚಾರ್ರು ನಡುಮಧ್ಯಾಹ್ನ ಬಾವಿಗೆ ಓಡಿ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ಕೊನೆಗೆ ಆಚಾರ್ರೇ ಇಗರ್ಜಿಯ ಪಾದ್ರಿಯನ್ನು ಕಂಡು, "ಮಾಂಸ ಬಿಡ್ಲಿ ಸ್ವಾಮಿ, ಆದ್ರ ಬಿಡೋ ಮುಂದ ಅದನ್ನ ನೆನಸೂದು ಬ್ಯಾಡ, ಶಿರಾ ನೆನಸ್ಲಿಕ್ಕೆ ಹೇಳ್ರಿ" ಎಂದು ಒಪ್ಪಿಸಿ ಬಂದರು. ಶಿವರಾತ್ರಿಯ ದಿನ ಸಾಲು ಮನೆಗಳೆಲ್ಲ ಊಟ ಬಿಡುವುದರಿಂದ ಆ ಊಟ ಎಲ್ಲಿಯೂ ನಿಲ್ಲದೆ ಮನೆಯಿಂದ ಮನೆಗೆ ಸಾಗಿ ಪಡುವಲ ತುದಿಯ ಪಿಂಜಾರ ಲಾಡಸಾಬನಿಗೆ ಹೋಗಿ ಮುಟ್ಟುತ್ತಿತ್ತು. ಒಂದು ವರ್ಷ ಮರುದಿನ ಅವನನ್ನು ಹೊರಗೆ ತರಲು ಬಾಗಿಲ ಚೌಕಟ್ಟು ಕೀಳಬೇಕಾಯಿತು. ವ್ರತದಲ್ಲಿದ್ದವರ ಹೊಟ್ಟೆಗೆ ಬಂದದ್ದು ಅಲ್ಲಿ ತಂಗುವುದಿಲ್ಲ, ಮುಂದಿನ ಗೋಡೆ ದಾಟುತ್ತದೆ. ಈ ಒಂದು ಸಂಗತಿ ನೆನಪಿಟ್ಟುಕೊಂಡರೆ ಸಾಕು, ಉಳಿದದ್ದನ್ನು ನಾನು ಹೇಳುತ್ತೇನೆ.

ನನ್ನ ಹೆಸರು ಚಂದ್ರಾಮ. ಅಂಗಡಿಗಳಿಗೆ ಬೋರ್ಡು ಬರೆಯುತ್ತೇನೆ, ಗುಡಿಗಳಿಗೆ ದೇವರ ಚಿತ್ರವನ್ನೂ ಬರೆಯುತ್ತೇನೆ. ಬರೆದು ಬರೆದು ದೇವರ ಮೇಲಿನ ಭಯ ಹೋಗಿದೆ. ಒಂದು ಕಣ್ಣು ದೊಡ್ಡದು ಒಂದು ಸಣ್ಣದು ಮಾಡಿದಾಗಲೂ ಯಾವ ದೇವರೂ ಬಂದು ಕೇಳಲಿಲ್ಲ, ಗುಡಿಯ ಕಮಿಟಿಯವರು ಕೇಳಿದರು. ಮದುವೆಯಾಗಲಿಲ್ಲ. ಒಲೆ ಹಚ್ಚುವ ಕಷ್ಟ ಬೇಡವೆಂದು ಈ ಓಣಿಯಲ್ಲಿ ಹುಡುಕಿ ಹುಡುಕಿ ಅಂಬಕ್ಕನ ಪಡುವಲ ಮನೆ ಹಿಡಿದೆ. ಅಂಬಕ್ಕನದು ಖಾನಾವಳಿ. ಆಗಲೇ ಅರವತ್ತರ ಹತ್ತಿರ, ಗಟ್ಟಿ ದನಿ, ಗಂಡ ತೀರಿ ಬಹಳ ವರ್ಷಗಳಾಗಿದ್ದವು. ಪ್ರತಿ ಸೋಮವಾರ ಶಿವನ ಹೆಸರಿನಲ್ಲಿ ಊಟ ಬಿಡುತ್ತಿದ್ದಳು. ಊರಿಗೆಲ್ಲ ಎಣಗಾಯಿ, ಝುಣಕ, ಮಡಕಿಕಾಳು ಬಡಿಸುವ ಹೆಂಗಸು ತಾನು ನೆನೆಯುತ್ತಿದ್ದದ್ದು ಬರೀ ಬಿಸಿ ರೊಟ್ಟಿ, ಬೆಣ್ಣೆ, ಹಸಿ ಉಳ್ಳಾಗಡ್ಡಿ. ನನಗೆ ಅದು ಸಾಕಾಗಿತ್ತು, ಉಳಿದ ದಿನ ಅವಳ ಖಾನಾವಳಿಯಲ್ಲೇ ಉಣ್ಣುತ್ತಿದ್ದೆ.

"ಏನೋ ಚಂದ್ರ್ಯಾ, ಪುಣ್ಯಾ ನನ್ನದು, ಹೊಟ್ಟಿ ನಿನ್ನದು" ಎಂದು ಮಂಗಳವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

"ಪುಣ್ಯಾನೂ ಒಂದೀಟು ದಾಟಿ ಬರ್ತೈತೇನೋ ಅಂತ ನೋಡಾಕತ್ತೀನಬೇ ಅಕ್ಕಾ."

"ಬರೂದಿಲ್ಲ ಬಿಡು. ಬಂದ್ರೂ ನಿನ್ನ ಮನ್ಯಾಗ ಇಡಾಕ ಜಾಗಾ ಎಲ್ಲೈತಿ, ಎಲ್ಲಾ ಕಡೆ ಬಣ್ಣದ ಡಬ್ಬಿ."

ಅಂಬಕ್ಕನ ಮೂಡಲ ಮನೆ ಹಾಜರಾಬಿಯದು. ಅದೇ ಓಣಿಯ ಮೊದಲ ಮನೆ, ಅದರಾಚೆ ಒಂದು ಹಾಳು ಬಾವಿ ಮತ್ತು ಬಯಲು. ಹಾಗಾಗಿ ಹಾಜರಾಬಿ ಈ ಓಣಿಯಲ್ಲಿ ಕೊಟ್ಟವಳೇ ಹೊರತು, ಗೋಡೆ ದಾಟಿ ಅವಳ ಹೊಟ್ಟೆಗೆ ಯಾವತ್ತೂ ಒಂದು ತುತ್ತು ಬಂದದ್ದಿಲ್ಲ. ಅವಳೂ ಗಂಡನಿಲ್ಲದವಳು, ಕೌದಿ ಹೊಲಿದು ಬದುಕುವವಳು, ಅಂಬಕ್ಕನಿಗಿಂತ ಐದಾರು ವರ್ಷ ಚಿಕ್ಕವಳು. ಅವಳು ಮದುವೆಯಾಗಿ ಬಂದ ಮೊದಲ ರಂಜಾನಿನ ಕತೆಯನ್ನು ಓಣಿಯಲ್ಲಿ ಈಗಲೂ ಹೇಳುತ್ತಾರೆ. ಮೊದಲ ರೋಜಾದ ಮಧ್ಯಾಹ್ನ ಅಂಬಕ್ಕ ಗಿರಾಕಿಗಳಿಗೆ ಬಡಿಸುತ್ತಿದ್ದವಳು ದೊಡ್ಡದಾಗಿ ತೇಗಿದಳು. ತೇಗಿದ್ದು ಖೀಮಾ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹೆಂಗಸು ಸೌಟು ಎಸೆದು ಮೂಡಲ ಮನೆಯ ಬಾಗಿಲಿಗೆ ಹೋಗಿ ನಿಂತು, "ಶಿವಾ ಶಿವಾ! ಏನ್ ತಿನಿಸಿದಿಬೇ ನಂಗ?" ಎಂದು ಕೂಗಿದಳಂತೆ. ಹೊಸ ಮದುಮಗಳು ಹೆದರಿ, "ನಾ ಏನೂ ತಿನಿಸಿಲ್ರೀ ಅಕ್ಕಾರ, ಬರೇ ನೆನಸಿದ್ನಿ" ಎಂದು ಅತ್ತಳಂತೆ. ಆ ಅಳು ನೋಡಿ ಅಂಬಕ್ಕನಿಗೆ ನಗು ಬಂತು. ಅಂದಿನಿಂದ ಹಾಜರಾಬಿ ರೋಜಾ ಇಟ್ಟಾಗಲೆಲ್ಲ ಮನಸ್ಸನ್ನು ಒತ್ತಿ ಹಿಡಿದು ಬದನೆಕಾಯಿಯ ಎಣಗಾಯಿ ನೆನೆಯುವುದನ್ನು ಕಲಿತಳು. ಸಂಜೆ ಅಂಬಕ್ಕ ಅದರ ತಪ್ಪು ಹುಡುಕುತ್ತಿದ್ದಳು. "ಇವತ್ತಿನ ಎಣಗಾಯಿಗೆ ಗುರೆಳ್ಳು ಕಡಿಮಿ ಆಗಿತ್ತು ನೋಡ ತಂಗಿ. ನೆನಸೋದರಾಗ ಏನ್ ಜುಗ್ಗತನಾ? ಕೈ ಬಿಚ್ಚಿ ನೆನಸು."

ಹೀಗೆ ನಡೆದಿದ್ದ ಬಾಳು ಅಂಬಕ್ಕನ ಗಂಟಲಿಗೆ ಬಂದು ನಿಂತಿತು. ಮೊದಲು ರೊಟ್ಟಿ ಇಳಿಯಲಿಲ್ಲ, ಆಮೇಲೆ ಅನ್ನ, ಆಮೇಲೆ ಗಂಜಿ. ದೊಡ್ಡ ಊರಿನ ಆಸ್ಪತ್ರೆಯವರು ಗಂಟಲೊಳಗೆ ಬೆಳೆದದ್ದನ್ನು ತೆಗೆಯಲು ಬರುವುದಿಲ್ಲ, ಬೇಕಿದ್ದರೆ ಹೊಟ್ಟೆಗೆ ನಳಿಗೆ ಹಾಕುತ್ತೇವೆ ಎಂದರು. ಅಂಬಕ್ಕ ಮಂಚದಿಂದ ಇಳಿದು ಸೀರೆಯ ನೆರಿಗೆ ಸರಿಮಾಡಿಕೊಂಡು ವಾಪಸ್ಸು ಬಂದಳು. "ನಾ ಸಾವಿರಾರು ಮಂದಿಗೆ ಬಾಯಿಲೆ ಉಣಿಸಿದಾಕಿ. ನಂಗ ಬಾಟ್ಲಿಗೆ ಎಣ್ಣಿ ಸುರದಂಗ ಸುರೀತಾರಂತ" ಎಂದಳು. ಖಾನಾವಳಿಯ ಬಾಗಿಲು ಮುಚ್ಚಿತು. ಹನಿ ನೀರು ಇಳಿಸಲು ಅರ್ಧ ಗಂಟೆ ಬೇಕಾಗುತ್ತಿತ್ತು.

ಆಗಲೇ ರಂಜಾನ್ ಬಂತು. ಹಾಜರಾಬಿಯ ಮೊದಲ ರೋಜಾದ ಮಧ್ಯಾಹ್ನ ಅಂಬಕ್ಕ ಹಾಸಿಗೆಯಲ್ಲಿ ಎದ್ದು ಕೂತಳು. ಕೆನ್ನೆಗೆ ಬಣ್ಣ ಬಂದಿತ್ತು. ರೋಜಾದಲ್ಲಿ ನೀರನ್ನೂ ಬಿಡುವುದರಿಂದ ನೀರೂ ದಾಟಿ ಬಂದಿತ್ತು. ಓಣಿಯವರೆಲ್ಲ ಬಾಗಿಲಲ್ಲಿ ಗುಂಪುಗೂಡಿ ಅವಳು ತೇಗುವುದನ್ನು ಕೇಳಿ ಕಣ್ಣೊರೆಸಿಕೊಂಡರು. ಇಷ್ಟು ವರ್ಷ ಜೋಕಾಗಿದ್ದದ್ದು ಈಗ ಔಷಧಿಯಾಗಿತ್ತು. ಆವತ್ತೇ ಹಾಜರಾಬಿ ಅಂಬಕ್ಕನಿಂದ ಒಂದು ಆಣೆ ಹಾಕಿಸಿಕೊಂಡಳು, ಇನ್ನು ಮೇಲೆ ಸೋಮವಾರ ಹಿಡಿಯಬಾರದು. ಹಿಡಿದರೆ ಬಂದದ್ದೆಲ್ಲ ಮುಂದಿನ ಗೋಡೆ ದಾಟಿ ನನ್ನ ಹೊಟ್ಟೆಗೆ ಹೋಗುತ್ತದಲ್ಲ.

"ಇಲ್ಲೀತನಾ ತಿಂದಿದ್ದು ಸಾಕು ಅವಂಗ" ಎಂದಳು ಹಾಜರಾಬಿ, ನನ್ನ ಕಡೆ ನೋಡದೆ.

ರಂಜಾನ್ ಮುಗಿದು ಹಬ್ಬ ಬಂತು. ಹಬ್ಬದ ದಿನ ರೋಜಾ ಇಡಬಾರದು. ಹಾಜರಾಬಿ ಶಾವಿಗೆ ಹಾಕಿ ಸುರಕುಂಬಾ ಮಾಡಿ ಮುಂದಿಟ್ಟುಕೊಂಡು ಗೋಡೆ ನೋಡುತ್ತ ಕೂತಳು. ಗೋಡೆಯಾಚೆ ಅಂಬಕ್ಕ ಇಡೀ ದಿನ ಬತ್ತಿ ಮಲಗಿದಳು. ಆ ಸಂಜೆ ಹಾಳು ಬಾವಿಯ ಕಟ್ಟೆಯ ಮೇಲೆ ಓಣಿಯವರು ಸೇರಿದರು. ನಮ್ಮ ಓಣಿಯಲ್ಲಿ ಎಲ್ಲ ದೇವರ ಮಂದಿಯೂ ಒಂದೇ ಕಟ್ಟೆಯ ಮೇಲೆ ಕೂತದ್ದು ಅದು ಎರಡನೇ ಸಲ. ಮೊದಲನೆಯದು ಕೋತಿ ಹಿಡಿಸುವ ವಿಷಯಕ್ಕೆ.

ಉಪಾಯ ಬಿಂದಾಚಾರ್ರದು. "ಊಟ ದಾಟೂದು ಗೋಡಿಯಿಂದ. ಗೋಡಿಗೇನು, ಒಳಗ ಯಾರು ಕೂತಾರ ಅಂತ ಗೊತ್ತದ ಏನು? ಶನಿವಾರ ಮಾರುತಿದು ನನ್ನ ಉಪವಾಸ ಅದ. ನಾನೇ ಬಂದು ಹಾಜರಾಬಾಯಿಯವರ ಪಡಸಾಲಿಯೊಳಗ ಕೂಡ್ತೀನಿ" ಎಂದರು. ಎಲ್ಲರೂ ಅವರ ಮುಖ ನೋಡಿದರು. ಅವರು ನೆಲ ನೋಡಿದರು.

"ಚಾ ಕೇಳಬಾರ್ದು ಮತ್ತ" ಎಂದ ಪಾಸ್ಕೋಲ.

"ಕಾಫಿಗೆ ದೋಷ ಇಲ್ಲ" ಎಂದರು ಆಚಾರ್ರು.

ಹೀಗೆ ಹಾಜರಾಬಿಯ ಪಡಸಾಲೆ ಉಪವಾಸದವರ ಮನೆಯಾಯಿತು. ಶನಿವಾರ, ಏಕಾದಶಿ ಆಚಾರ್ರದು. ತಮ್ಮದೇ ಮಣೆ, ತಮ್ಮದೇ ತಂಬಿಗೆ ಹಿಡಿದು ಬರುತ್ತಿದ್ದರು. ಶುಕ್ರವಾರ ಪಾಸ್ಕೋಲ ಬಂದು ಶಿಲುಬೆ ತಿಕ್ಕುತ್ತ ಶಿರಾ ನೆನೆಯುತ್ತಿದ್ದ. ಅಷ್ಟಮಿ, ಚತುರ್ದಶಿಗೆ ಪದ್ಮಕ್ಕ. ಸೋಮವಾರ, ಗುರುವಾರ ಹಾಜರಾಬಿಯದೇ ರೋಜಾ. ಮಂಗಳವಾರಕ್ಕೂ ರವಿವಾರಕ್ಕೂ ಯಾರ್ಯಾರೋ ಸಿಕ್ಕರು. ಒಂದು ಕಟ್ಟಳೆ ಇತ್ತು. ಸಂಕಲ್ಪ ಮಾಡುವಾಗ ಅಂಬಕ್ಕನ ಹೆಸರು ಬಾಯಿಗಾಗಲಿ ಮನಸ್ಸಿಗಾಗಲಿ ಬರಬಾರದು. ದೇವರಿಗೆಂದೇ ಬಿಡಬೇಕು, ಇಲ್ಲದಿದ್ದರೆ ದಾಟುವುದಿಲ್ಲ. ಹಾಗಾಗಿ ಆ ಪಡಸಾಲೆಯಲ್ಲಿ ಕೂತ ಯಾರೂ ಅಂಬಕ್ಕನ ಸುದ್ದಿ ತೆಗೆಯುತ್ತಿರಲಿಲ್ಲ. ಹವಾಮಾನ ಮಾತಾಡುತ್ತಿದ್ದರು, ಗೋಡೆಯಾಚೆಯಿಂದ ತೇಗು ಕೇಳಿದಾಗ ಕೇಳದವರಂತೆ ಕೆಮ್ಮುತ್ತಿದ್ದರು.

ಬುಧವಾರಕ್ಕೆ ಯಾವ ದೇವರೂ ಸಿಗಲಿಲ್ಲ. ಅದನ್ನು ನನಗೆ ಕೊಟ್ಟರು.

"ನಿಂಗೂ ಯಾವ ದೇವ್ರಿಲ್ಲ, ಬುಧವಾರಕ್ಕೂ ಇಲ್ಲ. ಇಬ್ರೂ ಹೊಂದ್ಕೋತೀರಿ" ಎಂದ ಪಾಸ್ಕೋಲ.

ಕೂತೆ. ನಾನೇ ಬರೆದ ಒಂದು ಮಾರುತಿಯ ಚಿತ್ರ ಎದುರಿಗಿಟ್ಟುಕೊಂಡು, ಬೆಳಗಿನಿಂದ ನೀರೂ ಮುಟ್ಟದೆ, ಎಣಗಾಯಿಯನ್ನೇ ನೆನೆದೆ. ಮಧ್ಯಾಹ್ನ ಹಾಜರಾಬಿ ಹೋಗಿ ನೋಡಿ ಬಂದು ಬಾಗಿಲಲ್ಲಿ ನಿಂತಳು. ಒಂದು ತುತ್ತೂ ಹೋಗಿರಲಿಲ್ಲ. ನನ್ನ ಉಪವಾಸ ಗೋಡೆಯ ತನಕ ಹೋಗಿ ವಾಪಸ್ಸು ನನ್ನ ಹತ್ತಿರವೇ ಬಂದು ಕೂತಿತ್ತು. ಜೀವಮಾನದಲ್ಲಿ ಒಂದೇ ಸಲ ದೇವರು ಬೇಕಾಗಿತ್ತು. ಕುಂಚ ಹಿಡಿದಾಗ ಎದುರು ಬಂದು ಕೂರುವವನು ಅವತ್ತು ಬರಲಿಲ್ಲ.

ಬುಧವಾರವನ್ನೂ ಹಾಜರಾಬಿಯೇ ಹಿಡಿದಳು. ದೇವರ ಹೆಸರಿನಲ್ಲಿ ಇಟ್ಟರೆ ಯಾವ ದಿನವಾದರೇನು, ರೋಜಾ ರೋಜಾನೇ. ಆಮೇಲೆ ಮಂಗಳವಾರದವರಿಗೆ ಮಗಳ ಬಾಣಂತನ ಬಂತು. ರವಿವಾರದವರಿಗೆ ಪಿತ್ತವಾಯಿತು. ಪಾಸ್ಕೋಲನಿಗೆ ಮದುವೆಯ ಸೀಜನ್ನು ಶುರುವಾಯಿತು, ಖಾಲಿ ಹೊಟ್ಟೆಯಲ್ಲಿ ತುತ್ತೂರಿ ಊದಲಾಗುವುದಿಲ್ಲ ಎಂದ. ಅದು ಸುಳ್ಳಲ್ಲ. ಯಾರದೂ ಸುಳ್ಳಲ್ಲ. ಬಿಟ್ಟ ದಿನಗಳನ್ನೆಲ್ಲ ಹಾಜರಾಬಿ ಒಂದೊಂದಾಗಿ ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡಳು. ಬೇರೆಯವರ ಉಪವಾಸದಲ್ಲಿ ಊಟವೇನೋ ದಾಟುತ್ತಿತ್ತು, ಆದರೆ ನೀರು ದಾಟುತ್ತಿದ್ದದ್ದು ಅವಳ ರೋಜಾದಲ್ಲಿ ಮಾತ್ರ. ಸಂಜೆ ಒಂದು ಖಜೂರ, ಒಂದು ರೊಟ್ಟಿ. ಬೆಳಗ್ಗೆ ಮತ್ತೆ ರೋಜಾ. ಮಸೀದಿಯ ಹಜರತ್ತರು ಹೇಳಿ ಕಳಿಸಿದರು, ಹೀಗೆ ಎಡೆಬಿಡದೆ ಇಡಬಾರದು, ದೇವರಿಗೂ ಅದು ಇಷ್ಟವಿಲ್ಲ ಎಂದು.

"ಇಷ್ಟ ಇಲ್ಲಂದ್ರ ಗ್ವಾಡಿ ಯಾಕ ದಾಟ್ತೈತಿ ಅಂತ ಕೇಳ್ರಿ ಅವರನ್ನ" ಎಂದು ಹೇಳಿ ಕಳಿಸಿದಳು. ಹಜರತ್ತರು ಮತ್ತೆ ಯಾರನ್ನೂ ಕಳಿಸಲಿಲ್ಲ.

ಅವಳ ಬಳೆಗಳು ಮೊಳಕೈ ತನಕ ಜಾರತೊಡಗಿದವು. ಕೌದಿ ಹೊಲಿಯುತ್ತ ಕೂತಲ್ಲೇ ಸೂಜಿ ಬೆರಳಲ್ಲಿ ಚುಚ್ಚಿಕೊಂಡು ಮೂರ್ಛೆ ಹೋದಳು. ಎಚ್ಚರವಾದ ಮೇಲೆ ಮೊದಲು ಕೇಳಿದ್ದು, ಬಾಯಿಗೆ ನೀರು ಹಾಕಿದಿರೇನು ಎಂದು. ಹಾಕಿದ್ದೆವು. ರೋಜಾ ಮುರಿಯಿತೆಂದು ನಮ್ಮನ್ನೆಲ್ಲ ಬೈದು ಎದ್ದು ಕೂತಳು.

ಅದಾದ ಎರಡು ದಿನಕ್ಕೆ ನಾನು ಅಂಗಳದಲ್ಲಿ ಒಂದು ಕಿರಾಣಿ ಅಂಗಡಿಯ ಬೋರ್ಡು ಬರೆಯುತ್ತಿದ್ದೆ. ಮಧ್ಯಾಹ್ನವಾಗಿತ್ತು, ಇನ್ನೂ ಏನೂ ತಿಂದಿರಲಿಲ್ಲ. ಇದ್ದಕ್ಕಿದ್ದಂತೆ ಹೊಟ್ಟೆ ತುಂಬಿತು. ರೊಟ್ಟಿ, ಎಣಗಾಯಿ, ಆಮೇಲೆ ಒಂದು ತಂಬಿಗೆ ತಣ್ಣನೆಯ ನೀರು. ಕುಂಚ ಕೈಯಲ್ಲೇ ಉಳಿಯಿತು. ಎಣಗಾಯಿ ಅಂಬಕ್ಕ ನೆನೆಯುವುದಲ್ಲ, ಹಾಜರಾಬಿ ನೆನೆಯುವುದು. ಅದು ಅಂಬಕ್ಕನ ಮನೆಯಲ್ಲಿ ತಂಗದೆ ನನ್ನ ತನಕ ಬಂದಿದೆ ಎಂದರೆ ಅರ್ಥ ಒಂದೇ.

ಓಡಿದೆ. ಅಂಬಕ್ಕ ಗೋಡೆಗೊರಗಿ ಕೂತಿದ್ದಳು. ನನ್ನ ಮುಖ ನೋಡಿದ ಕೂಡಲೇ ಬೆರಳು ತುಟಿಗಿಟ್ಟಳು.

"ಆಣೆ ಹಾಕಿದ್ದಿಬೇ ಅಕ್ಕಾ, ಸೋಮಾರ ಹಿಡ್ಯೂದಿಲ್ಲಂತ."

"ಇವತ್ತ ಮಂಗಳವಾರ" ಎಂದಳು. ದನಿ ಸವೆದು ಉಸಿರಿನಷ್ಟೇ ಉಳಿದಿತ್ತು. "ಕುಂದ್ರು. ಉಂಡಿಲ್ಲೋ?"

"ಉಂಡೆ."

"ಅಷ್ಟ ಮಾಡು. ದಿನಾ ಉಣ್ಣು. ಯಾರ ಮುಂದೂ ತೇಗಬ್ಯಾಡ."

"ನಾ ಹಾಜರಾ ಬೂಬೂಗ ಹೇಳ್ತೀನಿ."

"ಹೇಳಿದ್ರ ಅಕಿ ಇನ್ನೂ ಒಂದು ಹೊತ್ತು ಬಿಡ್ತಾಳ. ಸಂಜೀಕ ತಿನ್ನೂ ಖಜೂರಾನೂ ಬಿಡ್ತಾಳ. ಅಕಿ ಕೈ ನೋಡೀಯಿಲ್ಲೋ? ಬಳಿ ಎಲ್ಲಿತನಾ ಬಂದಾವು ನೋಡೀಯಿಲ್ಲೋ?" ಉಸಿರು ಕೂಡಿಸಿಕೊಳ್ಳಲು ನಿಂತಳು. "ನನ್ನ ಹೊಟ್ಟಿ ತುಂಬೈತಿ ಚಂದ್ರ್ಯಾ. ಬಾಕಿ ಎಲ್ಲಾ ಖಾಲಿ ಆಗೇತಿ. ನೋವು ಹೆಂಗೈತಿ ಅಂದ್ರ ಗಂಟಲಾಗ ಒಲಿ ಹಚ್ಚಿದಂಗ. ನಾ ಇರೂತನಾ ಅಕಿ ಉಣ್ಣಂಗಿಲ್ಲ. ಅಕಿ ಉಣಬೇಕಂದ್ರ ನಾ ಹೋಗಬೇಕು. ಇಷ್ಟ ಲೆಕ್ಕ. ಶಿವನ ಹೆಸರಿಲೆ ಹಿಡದೀನಿ, ಬಿಡೂದಿಲ್ಲ."

ನಾನು ಎದ್ದು ಬಂದು ಮತ್ತೆ ಬೋರ್ಡಿನ ಮುಂದೆ ಕೂತೆ. ಹೊಟ್ಟೆಯಲ್ಲಿ ಅವಳ ಜೀವ ಭಾರವಾಗಿ ಒತ್ತುತ್ತಿತ್ತು.

ಆಮೇಲಿನ ದಿನಗಳನ್ನು ಹೇಗೆ ಹೇಳುವುದು? ನಾನು ಗುಟ್ಟು ಇಟ್ಟುಕೊಂಡೆ, ಗುಟ್ಟು ನನ್ನ ಮೈಮೇಲೆ ಕಾಣತೊಡಗಿತು. ಮೂಡಲ ಮನೆಯವಳು ಸವೆದಳು, ನಡುವಿನವಳು ಸವೆದಳು, ನಾನು ದುಂಡಗಾದೆ. ಅಂಗಿಯ ಗುಂಡಿ ಹಾರಿ ಬಣ್ಣದ ಡಬ್ಬಿಗೆ ಬಿತ್ತು. ಬಿಂದಾಚಾರ್ರು ಒಂದು ಶನಿವಾರ ಉಪವಾಸಕ್ಕೆ ಹೋಗುತ್ತ ನಿಂತು ನನ್ನ ಗಲ್ಲ ನೋಡಿದರು. "ಏನೋ ಚಂದ್ರಾಮ, ಬೋರ್ಡಿಗೆ ಬಣ್ಣ ಹಚ್ಚತೀಯೋ, ನೆಕ್ತೀಯೋ?" ಎಂದರು. ನಾನು ಎಲ್ಲರಿಗೂ ಕಾಣುವಂತೆ ಅಂಗಡಿಯಿಂದ ಚುರುಮುರಿ ತಂದು ಕಟ್ಟೆಯ ಮೇಲೆ ಕೂತು ತಿಂದೆ. ಗಂಟಲ ತನಕ ತುಂಬಿದ ಹೊಟ್ಟೆಯ ಮೇಲೆ ಚುರುಮುರಿ ತಿಂದು ನೋಡಿ, ಆಗ ತಿಳಿಯುತ್ತದೆ.

ತೇಗು ಬಂದದ್ದು ಒಂದು ಗುರುವಾರ. ಹಾಜರಾಬಿ ಹರಿದ ಅಂಗಿ ಹೊಲಿದು ಕೊಡುತ್ತೇನೆಂದು ನನ್ನ ಬಾಗಿಲಿಗೆ ಬಂದಿದ್ದಳು. ಅಂಗಿ ಕೊಡಲು ಬಗ್ಗಿದೆ, ತಡೆಯಲಾಗಲಿಲ್ಲ. ಒಣ ಶೀಗಡಿ ಚಟ್ನಿಯ ವಾಸನೆ ಇಬ್ಬರ ನಡುವೆ ನಿಂತಿತು.

ಹಾಜರಾಬಿ ಕದಲಲಿಲ್ಲ.

"ಇವತ್ತ ನಮ್ಮನಿಯವರು ತೀರಿಕೊಂಡ ದಿನ" ಎಂದಳು ಮೆಲ್ಲಗೆ. "ಅವರಿಗೆ ಶೀಗಡಿ ಚಟ್ನಿ ಅಂದ್ರ ಜೀವ. ಮಧ್ಯಾಹ್ನ ಎಷ್ಟ ಹಿಡಿದ್ರೂ ಮನಸ ಅಲ್ಲೀಗೇ ಹೋತು. ಅಕ್ಕ ಬೈತಾಳಂತ ಅಂಜಿ ಕುಂತಿದ್ನಿ. ಅಕ್ಕ ಬೈಲಿಲ್ಲ." ನನ್ನನ್ನೇ ನೋಡಿದಳು. "ನಾ ನೆನಸಿದ್ದು ನಿನ್ನ ಬಾಯಾಗ ಹೆಂಗ ಬಂತೋ?"

ನಾನು ಅಂಗಿ ಕೆಳಗಿಡುವಷ್ಟರಲ್ಲಿ ಅವಳು ಅಂಬಕ್ಕನ ಹೊಸ್ತಿಲು ದಾಟಿದ್ದಳು. ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

ಸಾಯುವಂತಾದ ಇಬ್ಬರು ಹೆಂಗಸರು ಜಗಳವಾಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಒಬ್ಬಳಿಗೆ ದನಿ ಇರಲಿಲ್ಲ, ಇನ್ನೊಬ್ಬಳಿಗೆ ನಿಲ್ಲಲು ಕಸುವಿರಲಿಲ್ಲ. ಹಾಜರಾಬಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಬೈದಳು.

"ನಾ ಬಿಟ್ಟಿದ್ದನ್ನ ಆ ಗೂಳಿಗೆ ಹಾಕಾಕತ್ತೀಯಲ್ಲಬೇ!"

"ನಂಗ ಬಂದಿದ್ದು. ನಾ ಯಾರಿಗರ ಹಾಕ್ತೀನಿ."

"ವ್ರತಾ ಬಿಡು."

"ನೀ ಬಿಡು ಮೊದಲ."

"ನಾ ನಿನ್ನ ಸಲುವಾಗಿ ಇಟ್ಟೀನಂತ ತಿಳ್ಕೊಂಡಿಯೇನ? ನಂದು ಅಲ್ಲಾಹನ ಸಲುವಾಗಿ."

"ಹಂಗಾರ ನಂದೂ ಶಿವನ ಸಲುವಾಗಿ. ಅವರಿಬ್ರೂ ಏನರ ಮಾಡ್ಕೊಳ್ಳಿ. ನಡುವ ನೀ ಯಾಕ ಬಾಯಿ ಹಾಕ್ತಿ?"

ಹಾಜರಾಬಿ ಚೌಕಟ್ಟು ಹಿಡಿದೇ ಕೆಳಗೆ ಕುಸಿದು ಕೂತಳು. ಆಮೇಲೆ ಹಾಜರಾಬಿ, ಸಣ್ಣ ಹುಡುಗಿಯ ಹಾಗೆ, "ನಾ ಉಂಡ್ರ ನೀ ಇರಂಗಿಲ್ಲ ಅಕ್ಕಾ" ಎಂದಳು.

"ನೀ ಉಣಲಿಲ್ಲಂದ್ರೂ ಇರಂಗಿಲ್ಲ." ಅಂಬಕ್ಕ ಕೈ ಚಾಚಿ ಅವಳ ಬಳೆಗಳನ್ನು ಮೊಳಕೈಯಿಂದ ಮಣಿಕಟ್ಟಿಗೆ ಇಳಿಸಿದಳು. ಅವು ಮತ್ತೆ ಜಾರಿದವು. "ತಂಗಿ, ನಾ ಖಾನಾವಳಿ ನಡಿಸಿದಾಕಿ. ಎದರಿಗೆ ಒಬ್ರು ಕುಂತು ಉಣ್ಣೂದು ನೋಡಿ ಎಷ್ಟ ದಿನಾತು ಗೊತ್ತೈತೇನ? ನನಗ ಜಡ್ಡು ಬಂದಾಗಿಂದ ಈ ಓಣ್ಯಾಗ ಯಾರೂ ನನ್ನ ಮುಂದ ಬಾಯಿ ತೆರೀವಲ್ರು. ಎಲ್ಲಾರೂ ಬಾಯಿ ಕಟ್ಟಿಕೊಂಡು ಬಂದು ನಿಂತು ನೋಡ್ತಾರ, ಹೆಣಾ ನೋಡಿದಂಗ. ನಂಗ ನಿನ್ನ ಉಪಾಸ ಬ್ಯಾಡ. ನನ್ನ ಒಲಿ ಮ್ಯಾಲ ಮಾಡು. ನನ್ನ ಮುಂದ ಕುಂತು ಉಣ್ಣು. ನೋಡ್ತೀನಿ."

ಹೊತ್ತು ಮುಳುಗಿ ರೋಜಾ ಬಿಡುವ ಸಮಯವಾಗಿತ್ತು. ಹಾಜರಾಬಿ ಎದ್ದಳು. ತಿಂಗಳುಗಳಿಂದ ತಣ್ಣಗಿದ್ದ ಖಾನಾವಳಿಯ ಒಲೆ ಹೊತ್ತಿತು. ನಾನು ಕಟ್ಟಿಗೆ ಒಡೆದು ಕೊಟ್ಟೆ. ಅಂಬಕ್ಕ ಗೋಡೆಗೊರಗಿ ಉಸಿರಿನಲ್ಲೇ ಹೇಳುತ್ತಿದ್ದಳು, ಎಣ್ಣೆ ಕಾಯಲಿ, ಈಗ ಸಾಸಿವೆ, ಅಷ್ಟು ಅವಸರ ಏನು, ರೊಟ್ಟಿ ತಟ್ಟುವ ಕೈ ಅದಲ್ಲ, ಬೆರಳು ಕೂಡಿಸು. ಹಾಜರಾಬಿ ತಾಟಿಗೆ ಬಡಿಸಿಕೊಂಡು ಎದುರಿಗೆ ಕೂತಳು. ಮೊದಲ ತುತ್ತು ಕೈಯಲ್ಲೇ ಬಹಳ ಹೊತ್ತು ಇತ್ತು. ಬಾಯಿಗಿಟ್ಟು ಅಗಿದಾಗ ಕಣ್ಣೀರು ಗಲ್ಲದ ಮೇಲಿಂದ ತಾಟಿಗೆ ಇಳಿಯಿತು.

"ಅತ್ಕೋತ ಉಂಡ್ರ ಉಪ್ಪು ಹೆಚ್ಚಾಗ್ತೈತಿ, ಆಮ್ಯಾಲ ನನ್ನ ಒಲಿಗೆ ಹೆಸರಿಡ್ತಿ" ಎಂದಳು ಅಂಬಕ್ಕ. ಹಾಜರಾಬಿ ಅಳುತ್ತಲೇ ನಕ್ಕಳು. ನಕ್ಕು ಇನ್ನೊಂದು ರೊಟ್ಟಿ ಮುರಿದಳು.

ಮರುದಿನ ಹಾಜರಾಬಿ ರೋಜಾ ಇಡಲಿಲ್ಲ. ಓಣಿಯಲ್ಲಿ ಸುದ್ದಿ ಹರಡಿತು. ಉಪವಾಸಕ್ಕೆಂದು ಬರುತ್ತಿದ್ದವರು ಈಗ ಊಟಕ್ಕೆ ಬಂದರು. ಪಾಸ್ಕೋಲ ತುತ್ತೂರಿ ಹೆಗಲಿಗೆ ಹಾಕಿಕೊಂಡೇ ಬಂದು ಕೂತು ಹೊಟ್ಟೆ ಬಿರಿಯೆ ತಿಂದ. ಪದ್ಮಕ್ಕ ಹೊತ್ತು ಮುಳುಗುವ ಮುಂಚೆ ಬಂದು ಉಂಡು ಹೋಗುತ್ತಿದ್ದಳು. ಬಿಂದಾಚಾರ್ರು ಪಂಕ್ತಿ ಬಿಟ್ಟು ಒಂದು ಮೂಲೆಯಲ್ಲಿ ತಮ್ಮ ಮಣೆ ಹಾಕಿ, ಮನೆಯಿಂದ ತಂದ ಮೊಸರನ್ನ ಬಿಚ್ಚಿಕೊಂಡು, ಅಂಬಕ್ಕನಿಗೆ ಕಾಣುವಂತೆ ತಿರುಗಿ ಕೂತು ಉಂಡರು. "ಆಚಾರ್ರ ಬಾಯಿ ಇಷ್ಟ ದೊಡ್ಡದೈತಿ ಅಂತ ನನಗ ಗೊತ್ತಿರಲಿಲ್ಲ" ಎಂದು ಅಂಬಕ್ಕ ನನ್ನ ಕಿವಿಯಲ್ಲಿ ಹೇಳಿದಳು. ಅವಳ ಕಣ್ಣು ಒಬ್ಬರ ತಾಟಿನಿಂದ ಒಬ್ಬರ ತಾಟಿಗೆ ಹೋಗುತ್ತಿತ್ತು. ಮೂಡಲ ಗೋಡೆಯಿಂದ ಅವಳಿಗೆ ಏನೂ ಬರುತ್ತಿರಲಿಲ್ಲ, ಹನಿ ನೀರೂ ಬರುತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ಉಂಡರು. ಅಷ್ಟು ಕಷ್ಟದ ಊಟವನ್ನು ಈ ಓಣಿ ಯಾವತ್ತೂ ಉಂಡಿರಲಿಲ್ಲ.

ಅಂಬಕ್ಕ ವ್ರತ ಬಿಟ್ಟಿರಲಿಲ್ಲ. ಹಾಗಾಗಿ ನೋಡನೋಡುತ್ತ ಅವಳಿಗೆ ಏನೇನು ಬೇಕೆನಿಸುತ್ತಿತ್ತೋ ಅದು ನನಗೆ ಬರುತ್ತಿತ್ತು. ಪಾಸ್ಕೋಲನ ತಾಟಿನ ಝುಣಕದ ಒಂದು ತುಣುಕು. ಆಚಾರ್ರ ಮೊಸರನ್ನದ ಮೇಲಿನ ಮಾವಿನ ಮಿಡಿ. ಒಂದು ದಿನ ಬರೀ ಒಂದು ಗುಟುಕು ಮಜ್ಜಿಗೆ. ಪೂರ್ತಿ ಊಟ ಯಾವುದೂ ಅಲ್ಲ, ಮಕ್ಕಳು ದೊಡ್ಡವರ ತಾಟಿನಿಂದ ಎತ್ತಿಕೊಂಡ ಹಾಗೆ. ದಿನದಿನಕ್ಕೆ ಅದೂ ಸಣ್ಣದಾಯಿತು. ಒಂದು ಹರಳು ಉಪ್ಪು. ಒಂದು ಎಲೆ ಕೊತ್ತಂಬರಿ.

ಒಂದು ದಿನ ಮಧ್ಯಾಹ್ನ ಏನೂ ಬರಲಿಲ್ಲ.

ನಾನು ಅಂಗಳದಲ್ಲಿ ಕೂತು ಕಾದೆ. ಒಲೆ ಹಚ್ಚುವ ಅಭ್ಯಾಸವೇ ಹೋಗಿತ್ತು, ಮನೆಯಲ್ಲಿ ಏನೂ ಇರಲಿಲ್ಲ. ಹೊತ್ತು ಹೊರಳಿತು. ಹಸಿವು ಏರಿ ಕಿವಿಯಲ್ಲಿ ಗುಂಯ್‌ಗುಟ್ಟಿತು. ನಾನು ಗೋಡೆಯ ಕಡೆ ಮುಖ ಮಾಡಿ ಕೂತೆ. ಏನಾದರೂ ಬೇಕೆನಿಸಲಿ ಅವಳಿಗೆ, ಒಂದು ಸಾಸಿವೆ ಕಾಳಾದರೂ ಬೇಕೆನಿಸಲಿ ಎಂದು ಕೇಳಿಕೊಂಡೆ. ಯಾರನ್ನು ಕೇಳಿಕೊಂಡೆನೋ ಗೊತ್ತಿಲ್ಲ, ಇದ್ದ ಎಲ್ಲರನ್ನೂ ಕೇಳಿಕೊಂಡೆ. ಎದ್ದು ಹೋಗಿ ನೋಡಬಹುದಿತ್ತು. ಹತ್ತು ಹೆಜ್ಜೆ ಇಲ್ಲ. ಹಸಿವು ಆಗಲೇ ಹೇಳಿದ್ದನ್ನು ಕಣ್ಣಿನಿಂದ ನೋಡುವ ಧೈರ್ಯವಾಗಲಿಲ್ಲ.

ಹಾಜರಾಬಿ ಬಂದಳು. ಕೈಯಲ್ಲಿ ತಾಟು ಇತ್ತು, ಅದರಲ್ಲಿ ಎರಡು ರೊಟ್ಟಿ, ಪಲ್ಯ. ಹೊಸ್ತಿಲ ಮೇಲೆ ತಾಟು ಇಟ್ಟಳು.

"ಉಣ್ಣು. ಹೋಗೂಕಿಂತ ಮೊದಲ ಹೇಳ್ಯಾಳ. ನಂಗಿನ್ನ ಏನೂ ಬ್ಯಾಡ, ಅಂವ ಹಸಕೊಂಡು ಕುಂತಿರ್ತಾನ, ಒಯ್ದು ಕೊಡು ಅಂತ."

"ಏನೂ ಬ್ಯಾಡ ಅಂದ್ಳ?"

"ಏನೂ ಬ್ಯಾಡ ಅಂದ್ಳು."

ಹೆಣ ಮಣ್ಣಾಗುವ ತನಕ ಓಣಿಯಲ್ಲಿ ಯಾರೂ ಬಾಯಿಗೆ ಏನೂ ಹಾಕಬಾರದು. ನಮ್ಮೂರಿನಲ್ಲಿ ಎಲ್ಲ ದೇವರ ಮಂದಿಯೂ ತಕರಾರಿಲ್ಲದೆ ಒಪ್ಪಿದ ಉಪವಾಸ ಅದೊಂದೇ. ಆಗಲೇ ಮನೆಮನೆಗಳಲ್ಲಿ ಒಲೆ ಆರಿಸುವ ಹೊಗೆ ಎದ್ದಿತ್ತು. ಪಾಸ್ಕೋಲ ಬರಿಗಾಲಲ್ಲಿ ಬಂದು ಖಾನಾವಳಿಯ ಮುಂದೆ ನಿಂತಿದ್ದ, ಆಚಾರ್ರು ತಂಬಿಗೆಯ ನೀರು ಚೆಲ್ಲಿ ಅದನ್ನು ಬೋರಲು ಹಾಕುತ್ತಿದ್ದರು. ಹಾಜರಾಬಿ ನನ್ನ ಎದುರಿಗೆ ಹೊಸ್ತಿಲ ಆಚೆ ಕೂತಳು. ಒಂದು ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟು ಅರ್ಧ ತಾನು ಹಿಡಿದಳು. ಓಣಿಯ ಮಂದಿ ನೋಡುತ್ತಿದ್ದರು. ಯಾರೂ ತಡೆಯಲಿಲ್ಲ. ಅಗಿಯುವುದು ನನಗೆ ಮರೆತೇ ಹೋಗಿತ್ತು, ದವಡೆ ನೋಯುತ್ತಿತ್ತು. ನಿಧಾನಕ್ಕೆ, ಒಂದು ಚೂರೂ ಉಳಿಸದೆ, ಇಬ್ಬರೂ ಉಂಡೆವು.